ಗಂಟೆಗೊಂದು ಕಾಯಿ

ನನ್ನ ನಲವತ್ತೈದು ವರ್ಷದ ಬದುಕಿನಲ್ಲಿ ನಾನು ತುಂಬ ಅಚ್ಚುಕಟ್ಟಾಗಿ ಮಾಡಿರುವ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ವೇಳಾಪಟ್ಟಿ ಹಾಕುವುದು ಎಂದು ಧೈರ್ಯವಾಗಿ ಹೇಳಬಲ್ಲೆ. ಸ್ಕೇಲಿಟ್ಟು ಗೆರೆ ಎಳೆದು, ಏಳುವುದಕ್ಕೆ ಹಸಿರು, ಅಡುಗೆಗೆ ನೀಲಿ, ಓದುವುದಕ್ಕೆ ಕೆಂಪು ಎಂದು ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬಿ, ಗೋಡೆಗೆ ಅಂಟಿಸಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದೆನೆಂದರೆ ಆ ದಿನಕ್ಕೆ ಸಾಧಿಸಬೇಕಾದದ್ದೆಲ್ಲ ಸಾಧಿಸಿಬಿಟ್ಟೆ ಅನ್ನಿಸುತ್ತದೆ. ಆಮೇಲೆ ಅದರ ಪ್ರಕಾರ ನಡೆಯುವುದು ಬರೀ ಔಪಚಾರಿಕ. ಔಪಚಾರಿಕತೆಯಲ್ಲಿ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ.

ಈ ಕಲೆಯನ್ನು ಮತ್ತೆ ಹೊರಗೆ ತೆಗೆಯಬೇಕಾಗಿ ಬಂದದ್ದು ಹೋದ ವರ್ಷ, ಸಂಕ್ರಾಂತಿ ಕಳೆದ ವಾರ. ನಾನು ತಿಪಟೂರಿನಲ್ಲಿ ಬಿ.ಎ. ಓದಿದವಳು. ಓದಿದವಳು ಎಂದೆ, ಮುಗಿಸಿದವಳು ಎನ್ನಲಿಲ್ಲ, ದಯವಿಟ್ಟು ಗಮನಿಸಬೇಕು. ಕೊನೆಯ ವರ್ಷ ಯುರೋಪಿನ ಇತಿಹಾಸದ ಪೇಪರಿನಲ್ಲಿ ನಾಲ್ಕು ಅಂಕ ಕಡಿಮೆ ಬಿದ್ದು ಫೇಲಾದೆ. ಅದೇ ಬೇಸಿಗೆಯಲ್ಲಿ ಮದುವೆಯಾಗಿ ದಂಡಿನಶಿವರದ ಹತ್ತಿರದ ಈ ತೋಟದ ಮನೆಗೆ ಬಂದೆ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದರಾಯಿತು ಎಂದುಕೊಂಡಿದ್ದೆ. ಆ ಅಕ್ಟೋಬರ್ ಇಪ್ಪತ್ತೆರಡು ವರ್ಷ ಬರಲೇ ಇಲ್ಲ. ಕ್ಯಾಲೆಂಡರಿನಲ್ಲಿ ಪ್ರತಿ ವರ್ಷ ಬಂತು, ನನ್ನ ಕೈಗೆ ಸಿಗಲಿಲ್ಲ, ಅಷ್ಟೆ. ಮಗಳು ಹುಟ್ಟಿದಳು, ಶಾಲೆಗೆ ಸೇರಿದಳು, ತುಮಕೂರಿನ ಹಾಸ್ಟೆಲಿಗೂ ಹೋದಳು. ಅವಳನ್ನು ಎಲ್ಲಿಗೆ ಸೇರಿಸಹೋದರೂ ಅರ್ಜಿಯಲ್ಲಿ ತಾಯಿಯ ವಿದ್ಯಾರ್ಹತೆ ಎಂಬ ಒಂದು ಅಂಕಣ ಇದ್ದೇ ಇರುತ್ತಿತ್ತು. ಅಲ್ಲಿ ಪಿ.ಯು.ಸಿ. ಎಂದು ಬರೆಯುವಾಗಲೆಲ್ಲ ನನಗೆ ಅವಮಾನವಾಗುತ್ತಿತ್ತು. ಯಾರೂ ಅವಮಾನ ಮಾಡುತ್ತಿರಲಿಲ್ಲ, ಆದರೂ ಆಗುತ್ತಿತ್ತು. ಮೂರು ವರ್ಷ ಓದಿ ನಾಲ್ಕು ಅಂಕಕ್ಕೆ ಆ ಮೂರು ವರ್ಷವನ್ನೇ ಬಿಟ್ಟುಕೊಟ್ಟೆನಲ್ಲ ಎಂದು.

ನನ್ನ ಜೊತೆ ಓದಿದ ಗೆಳತಿಯೊಬ್ಬಳು ವಾಟ್ಸಾಪಿನಲ್ಲಿ ವಿಶ್ವವಿದ್ಯಾನಿಲಯದ ಸುತ್ತೋಲೆ ಕಳಿಸಿದ್ದಳು. ಹಳೆಯ ಸ್ಕೀಮಿನಲ್ಲಿ ಪೇಪರು ಉಳಿಸಿಕೊಂಡವರಿಗೆ ಒಂದೇ ಒಂದು ಸಲ ಪರೀಕ್ಷೆ ಕಟ್ಟಲು ಅವಕಾಶ. ಇನ್ನು ಮೂರೂವರೆ ತಿಂಗಳಿಗೆ ಪರೀಕ್ಷೆ. ಇದಾದ ಮೇಲೆ ಆ ಸ್ಕೀಮಿನ ಬಾಗಿಲು ಶಾಶ್ವತವಾಗಿ ಬಂದ್. ಅಂದರೆ ಈ ಸಲ ತಪ್ಪಿದರೆ ನನ್ನ ಬಿ.ಎ. ಎನ್ನುವುದು ಇನ್ನೆಂದೂ ಇಲ್ಲ. ನಾನು ಸುತ್ತೋಲೆಯನ್ನು ಮೂರು ಸಲ ಓದಿದೆ. ಕಟ್ಟುತ್ತೇನೆ, ಪಾಸಾಗುತ್ತೇನೆ ಎಂದು ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಗಟ್ಟಿಯಾಗಿ ಹೇಳಿಕೊಂಡೆ.

ನಮ್ಮವರಿಗೆ ಹೇಳಿದೆ. "ಕಟ್ಟು, ಕಟ್ಟು. ಫೇಲಾದ್ರೆ ಯಾರ್ಗೂ ಹೇಳದ್ ಬ್ಯಾಡ ಬುಡು" ಎಂದರು. ಅವರ ಮಟ್ಟಿಗೆ ಇದು ಹಾರ ಹಾಕಿ ಬೀಳ್ಕೊಟ್ಟ ಹಾಗೆ. ಅತ್ತೆಗೆ ಹೇಳಿದೆ. ಅತ್ತೆಗೆ ಎಪ್ಪತ್ತೆರಡು ವರ್ಷ. ಎಲ್ಲದಕ್ಕೂ ಮುಂಚೆ ಹೋಗಿ ಕೂರುವ ಜನ ಅವರು. ಹತ್ತು ಗಂಟೆಯ ಬಸ್ಸಿಗೆ ಒಂಬತ್ತಕ್ಕೇ ಸ್ಟಾಪಿನಲ್ಲಿರುತ್ತಾರೆ, ಮದುವೆ ಮನೆಗೆ ಚಪ್ಪರದವರಿಗಿಂತ ಮೊದಲು ತಲುಪುತ್ತಾರೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಪ್ಪತ್ತೆರಡು ವರ್ಸ ಲೇಟಾ?" ಎಂದರು.

ಸರಿ, ಕಾಲವನ್ನು ನಿರ್ವಹಿಸುವುದು ಹೇಗೆಂದು ಮೊಬೈಲಿನಲ್ಲಿ ಹುಡುಕಿದೆ. ಒಬ್ಬರಲ್ಲ ಇಬ್ಬರಲ್ಲ, ಕೋಟು ಹಾಕಿಕೊಂಡ ನೂರಾರು ಜನ ನನ್ನ ಉದ್ಧಾರಕ್ಕೆಂದು ಕಾದು ಕೂತಿದ್ದರು. ಬೆಳಿಗ್ಗೆ ಐದಕ್ಕೆ ಏಳುವವರೇ ಜಗತ್ತನ್ನು ಆಳುತ್ತಾರೆ ಎಂದು ಒಬ್ಬರು ಹೇಳಿದರು. ನಮ್ಮ ಕಡೆ ಎಮ್ಮೆ ಕಟ್ಟಿದವರೆಲ್ಲ ಐದಕ್ಕೇ ಏಳುತ್ತಾರೆ. ಜಗತ್ತಿರಲಿ, ಎಮ್ಮೆಯನ್ನು ಆಳಿದವರನ್ನೂ ನಾನು ಕಂಡಿಲ್ಲ. ಇನ್ನೊಬ್ಬರು ಬದುಕನ್ನು ಒಂದು ಚಕ್ರದಂತೆ ಬರೆದು ಎಂಟು ಭಾಗ ಮಾಡಿ, ಎಂಟೂ ಭಾಗದಲ್ಲಿ ಒಟ್ಟಿಗೆ ಬೆಳೆಯಿರಿ ಎಂದರು. ತೆಂಗಿನ ಸೀಮೆಯ ನನಗೆ ಇದು ಅಷ್ಟು ಸರಿಹೋಗಲಿಲ್ಲ. ತೆಂಗಿನ ಮರ ಬೆಳೆಯುವುದು ನೆತ್ತಿಯಲ್ಲಿರುವ ಒಂದೇ ಒಂದು ಸುಳಿಯಿಂದ. ಗರಿ, ಹೊಂಬಾಳೆ, ಕಾಯಿ ಎಲ್ಲ ಅಲ್ಲಿಂದಲೇ ಬರಬೇಕು. ದುಂಬಿ ಬಿದ್ದು ಆ ಸುಳಿ ಹೋಯಿತೋ, ನಲವತ್ತು ಅಡಿಯ ಮರವೂ ಹೋದಂತೆಯೇ. ಹಾಗಾಗಿ ನಮ್ಮ ತೋಟಗಳಲ್ಲಿ ಬೆಳವಣಿಗೆ ಎಂದರೆ ಒಂದು ಸುಳಿಯನ್ನು ಕಾಪಾಡಿಕೊಳ್ಳುವುದು. ಆ ಮೂರೂವರೆ ತಿಂಗಳು ನನ್ನ ಸುಳಿ ಯುರೋಪಿನ ಇತಿಹಾಸ ಎಂದು ನಿರ್ಧರಿಸಿದೆ. ಎಂಟು ಭಾಗದ ಚಕ್ರವನ್ನು ಅಳಿಸಿ, ಮಧ್ಯಾಹ್ನ ಎರಡರಿಂದ ನಾಲ್ಕು ಓದು ಎಂದು ವೇಳಾಪಟ್ಟಿಯಲ್ಲಿ ಕೆಂಪು ಬಣ್ಣ ತುಂಬಿದೆ.

ಆ ಹೊತ್ತನ್ನು ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಊಟ ಮುಗಿದಿರುತ್ತದೆ, ಸಂಜೆಯ ಹಾಲು ಕರೆಯುವುದಕ್ಕೆ ಇನ್ನೂ ಹೊತ್ತಿರುತ್ತದೆ, ನಮ್ಮವರು ಜಗಲಿಯ ಮೇಲೆ ಟವೆಲು ಮುಖಕ್ಕೆಳೆದುಕೊಂಡು ಮಲಗಿರುತ್ತಾರೆ. ಹಾಗೆಂದು ನಾನು ಅಂದುಕೊಂಡಿದ್ದೆ. ಕೆಂಪು ಬಣ್ಣ ತುಂಬಿದ ಮೊದಲ ದಿನವೇ ಎರಡೂ ಐದಕ್ಕೆ ತ್ರೀ ಫೇಸ್ ಕರೆಂಟು ಬಂತು. ಈ ತ್ರೀ ಫೇಸ್ ಎನ್ನುವುದು ತೋಟಕ್ಕೆ ನೀರೆತ್ತುವ ಮೋಟಾರಿನ ಕರೆಂಟು. ಅದು ಒಂದು ವಾರ ಬೆಳಿಗ್ಗೆ, ಒಂದು ವಾರ ಮಧ್ಯಾಹ್ನ, ಒಂದು ವಾರ ತನ್ನಿಷ್ಟ. ಅದು ಬಂದಾಗ ಊರಿಗೆ ಊರೇ ಎದ್ದು ತೋಟಕ್ಕೆ ಓಡುತ್ತದೆ. ನಾನೂ ಓಡಿದೆ. ವಾಪಸು ಬರುವಾಗ ಮೂರೂವರೆ. ಮಾರನೆಯ ದಿನ ಹಾಲು ಒಡೆಯಿತು, ಅದರ ಮಾರನೆಯ ದಿನ ನೆಂಟರು. ವಾರ ಕಳೆಯುವ ಹೊತ್ತಿಗೆ ನಾನು ಓದಿದ್ದು ಪುಸ್ತಕದ ಮುನ್ನುಡಿ. ಅದರಲ್ಲಿ ಲೇಖಕರು ಈ ಕೃತಿಯನ್ನು ಬರೆಯಲು ಸಮಯ ಸಿಕ್ಕಿದ್ದಕ್ಕೆ ತಮ್ಮ ಶ್ರೀಮತಿಯವರಿಗೆ ಕೃತಜ್ಞತೆ ಹೇಳಿದ್ದರು. ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಆ ಶ್ರೀಮತಿಯವರ ಬಗ್ಗೆ ಯೋಚಿಸಿದೆ.

ಹಿಂದಿನವರು ಹೊತ್ತನ್ನು ಅಳೆಯುತ್ತಿದ್ದ ಬಗೆ ಚೆನ್ನಾಗಿತ್ತು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುವುದು. ನೀರು ತುಂಬಿ ಬಟ್ಟಲು ಮುಳುಗಿದರೆ ಒಂದು ಗಳಿಗೆ, ಅಂದರೆ ಇಪ್ಪತ್ತನಾಲ್ಕು ನಿಮಿಷ. ದಿನಕ್ಕೆ ಅರವತ್ತು ಗಳಿಗೆ. ಗಂಟೆಯ ಲೆಕ್ಕದಲ್ಲಿ ನಮಗೆ ದಿನಕ್ಕೆ ಇಪ್ಪತ್ತನಾಲ್ಕೇ ಸಿಕ್ಕುವುದು, ಅವರಿಗೆ ಅರವತ್ತು ಸಿಗುತ್ತಿತ್ತು. ಅದಕ್ಕೇ ಅಷ್ಟೊಂದು ದೇವಸ್ಥಾನ ಕಟ್ಟಿದರೋ ಏನೋ. ನನಗೂ ಹುರುಪು ಬಂದು ಒಂದು ಕಾಯಿಚಿಪ್ಪಿಗೆ ತೂತು ಮಾಡಿ ಬಕೆಟ್ಟಿನಲ್ಲಿ ತೇಲಿಬಿಟ್ಟೆ. ಮೊದಲನೆಯದು ಎರಡೇ ನಿಮಿಷಕ್ಕೆ ಮುಳುಗಿತು. ಎರಡನೆಯದು ಮುಳುಗಲೇ ಇಲ್ಲ. ಅದನ್ನು ಕಾಯುತ್ತ ಕೂತು ಒಂದು ಮಧ್ಯಾಹ್ನ ಹೋಯಿತು. ಕಾಲವನ್ನು ಅಳೆಯುವುದಕ್ಕೆ ಹೋದವರ ಕಾಲ ಹೀಗೆ ವ್ಯರ್ಥವಾಗುತ್ತದೆ ಎಂಬುದು ನನ್ನ ಸ್ವಂತ ಸಂಶೋಧನೆ.

ಕಡೆಗೆ ಉಪಾಯ ಹೊಳೆದದ್ದು ನಮ್ಮ ಮನೆಯಂಗಳದಲ್ಲೇ. ನಮ್ಮ ಕಡೆ ಕಾಯಿ ಎಣಿಸುವವರನ್ನು ನೀವು ನೋಡಿರಬಹುದು. ಒಂದು ಎನ್ನುವುದಿಲ್ಲ, ಲಾಭ ಎಂದು ಶುರುಮಾಡುತ್ತಾರೆ. ಎರಡೂ ಕೈಯಲ್ಲಿ ಕಾಯಿ ಎತ್ತಿ ಆಚೆ ಹಾಕುತ್ತ ನೂರು ತುಂಬಿಸಿದ ಕೂಡಲೇ ಒಂದು ಕಾಯಿಯನ್ನು ಗುರುತಿಗೆಂದು ಪಕ್ಕಕ್ಕಿಡುತ್ತಾರೆ. ಕಡೆಯಲ್ಲಿ ಪಕ್ಕಕ್ಕಿಟ್ಟ ಕಾಯಿಗಳನ್ನು ಎಣಿಸಿದರೆ ಎಷ್ಟು ನೂರು ಎಂದು ಗೊತ್ತಾಗುತ್ತದೆ. ನಡುವೆ ಮಾತಾಡಲಿ, ಎಲೆಅಡಿಕೆ ಹಾಕಿಕೊಳ್ಳಲಿ, ಲೆಕ್ಕ ತಪ್ಪುವುದಿಲ್ಲ. ಅಂದು ಎಣಿಕೆ ನೋಡುತ್ತ ನಿಂತವಳಿಗೆ, ಗೋಡೆಯ ಮೇಲಿನ ಬಣ್ಣದ ಪಟ್ಟಿ ಬರೀ ಆಸೆ, ಪಕ್ಕಕ್ಕಿಟ್ಟ ಕಾಯಿ ಆಗಿಹೋದ ಕೆಲಸ ಎಂದು ತಟ್ಟನೆ ಅನ್ನಿಸಿತು. ಅವತ್ತೇ ವೇಳಾಪಟ್ಟಿಯನ್ನು ಕಿತ್ತು ಒಲೆಗೆ ಹಾಕಿದೆ. ಒಂದು ಗಂಟೆ ಓದಿದರೆ ಒಂದು ಸುಲಿದ ಕಾಯಿ, ನಾನು ಓದಲು ಕೂರುವ ಉಗ್ರಾಣದ ಮೂಲೆಗೆ. ಉಳಿದ ಮೂರು ತಿಂಗಳಿಗೆ ನೂರ ಎಂಬತ್ತು ಕಾಯಿ ಆಗಬೇಕು. ಅತ್ತೆಗೂ ಬಿಡಿಸಿ ಹೇಳಿದೆ.

"ಒಂದ್ ಗಂಟೆ ಅಂದ್ರೆ ಒಂದ್ ಕಾಯಿ. ಅಷ್ಟೇನಾ?" ಎಂದರು.

"ಅಷ್ಟೇ ಅತ್ತೆ."

"ಸರಿ ಬುಡು, ತಿಳೀತು" ಎಂದರು. ಅವರಿಗೆ ತಿಳಿದದ್ದು ಏನು ಎಂದು ನಾನು ಕೇಳಬೇಕಾಗಿತ್ತು.

ಉಪಾಯ ನಿಜವಾಗಿಯೂ ಕೆಲಸ ಮಾಡಿತು. ಮೂಲೆಯಲ್ಲಿ ಜುಟ್ಟು ಮೇಲೆ ಮಾಡಿಕೊಂಡು ಸಾಲಾಗಿ ಕೂತ ಕಾಯಿಗಳನ್ನು ನೋಡಿದರೆ ಇನ್ನೊಂದು ಇಡೋಣ ಅನ್ನಿಸುತ್ತಿತ್ತು. ಇವು ಮೂರು ಗ್ರೀಸು, ಇವು ಐದು ರೋಮು ಎಂದು ಗುರುತೂ ಇಟ್ಟುಕೊಂಡಿದ್ದೆ. ತೊಂದರೆಯೆಂದರೆ, ತೆಂಗಿನ ಸೀಮೆಯ ಮನೆಯಲ್ಲಿ ಕಾಯಿಯನ್ನು ಬರೀ ಗುರುತಿಗೆ ಎಂದು ಇಡುವುದು ಕಷ್ಟ. ಕಣ್ಣಿಗೆ ಬಿದ್ದದ್ದು ಕೈಗೆ ಬರುತ್ತದೆ, ಕೈಗೆ ಬಂದದ್ದು ಚಟ್ನಿಯಾಗುತ್ತದೆ. ಸಂಪಿಗೆ ಎಂಬ ಊರಿಗೆ ಕೊಟ್ಟಿರುವ ಅತ್ತೆಯ ತಂಗಿ ಬಂದು ಹೊರಟಾಗ ನಮ್ಮವರು ಕುಂಕುಮದ ಜೊತೆ ಕೊಡಲೆಂದು ಹತ್ತಿರವಿದ್ದ ರಾಶಿಯಿಂದಲೇ ಎರಡು ಕಾಯಿ ತಂದುಕೊಟ್ಟರು. ರೋಮಿನ ಪತನದ ಮೇಲೆ ನಾನು ಬೆವರು ಸುರಿಸಿ ಓದಿದ ಎರಡು ಗಂಟೆ ಸಂಪಿಗೆ ಚಿಕ್ಕಮ್ಮನ ಚೀಲದಲ್ಲಿ ಕೂತು ಬಸ್ಸು ಹತ್ತಿಹೋಯಿತು. ನಾನು ಕಿರುಚಾಡಿದೆ. ಪತನಕ್ಕೆ ಕಾರಣಗಳು ನಾಲ್ಕು ಎಂದು ಪುಸ್ತಕದಲ್ಲಿತ್ತು, ನಮ್ಮವರದು ಐದನೆಯದು ಎಂದೆ. ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು ಉಗ್ರಾಣದ ಬಾಗಿಲಿಗೆ ಹೊರಗಿಂದ ಚಿಲಕ ಹಾಕಿಸಿದರು. ಅವತ್ತಿನಿಂದ ರಾಶಿ ಕಡಿಮೆಯಾಗಲಿಲ್ಲ.

ಕಡಿಮೆಯಾಗುವುದಿರಲಿ, ಬೆಳೆಯುತ್ತಲೇ ಹೋಯಿತು. ಶಿವರಾತ್ರಿ ಕಳೆಯುವ ಹೊತ್ತಿಗೆ ಎದ್ದು ಕಾಣುವಷ್ಟಾಯಿತು, ಯುಗಾದಿ ಹತ್ತಿರ ಬಂದಾಗ ನನ್ನ ಮಂಡಿಯೆತ್ತರ. ಇಷ್ಟು ಓದಿದ್ದೇನಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ. ಹೆಮ್ಮೆಯ ಜೊತೆ ಸ್ವಲ್ಪ ಸೋಮಾರಿತನವೂ ಬಂತು. ರಾಶಿ ಇಷ್ಟಿದೆ, ಇವತ್ತೊಂದು ದಿನ ಚಿಕ್ಕನಾಯಕನಹಳ್ಳಿಯ ಗೃಹಪ್ರವೇಶಕ್ಕೆ ಹೋಗಿಬಂದರೆ ಏನಾದೀತು? ರಾಶಿ ಇಷ್ಟಿದೆ, ಇವತ್ತು ಅರ್ಧ ಗಂಟೆಗೇ ಏಳೋಣ. ಹತ್ತಿ ನೋಡಿದರೆ ಯುರೋಪೇ ಕಾಣುವಷ್ಟು ಎತ್ತರದ ರಾಶಿ ಇರುವಾಗ ಫ್ರಾನ್ಸಿನ ಕ್ರಾಂತಿಗೆ ಏನು ಅವಸರ, ನಾಳೆ ಆಗಲಿ ಎಂದುಕೊಂಡೆ. ಫ್ರಾನ್ಸಿನವರೂ ನನ್ನಷ್ಟೇ ನಿಧಾನಸ್ಥರಾಗಿದ್ದರೆ ಅಲ್ಲಿನ ರಾಜ ಇವತ್ತಿಗೂ ಕ್ಷೇಮವಾಗಿರುತ್ತಿದ್ದ.

ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು. ಎಷ್ಟಾಗಿದೆ ನೋಡೋಣ ಎಂದು ಒಂದು ಮಧ್ಯಾಹ್ನ ಲಾಭ ಎಂದು ಶುರುಮಾಡಿ ರಾಶಿಯನ್ನು ಪೂರ್ತಿ ಎಣಿಸಿದೆ. ನೂರ ಐವತ್ತೆಂಟು. ಖುಷಿಯಲ್ಲಿ ಕ್ಯಾಲೆಂಡರು ನೋಡಿದೆ. ಕಾಯಿ ಇಡಲು ಶುರುಮಾಡಿ ಎಪ್ಪತ್ತು ದಿನ. ದಿನಕ್ಕೆ ಎರಡರ ಮೇಲೆ ಇಟ್ಟದ್ದಿಲ್ಲ. ಒಂದೂ ದಿನ ತಪ್ಪಿಸದೆ ಕೂತಿದ್ದರೂ ನೂರ ನಲವತ್ತು. ನಾನೋ, ಕೂತದ್ದಕ್ಕಿಂತ ಎದ್ದದ್ದೇ ಹೆಚ್ಚು. ಮತ್ತೊಮ್ಮೆ ಎಣಿಸಿದೆ. ನೂರ ಐವತ್ತೆಂಟೇ. ಬೆರಳು ಮಡಿಚಿ ನೆನೆಸಿಕೊಂಡರೆ ನನ್ನವು ಎಂಬತ್ತು ದಾಟುವಂತಿರಲಿಲ್ಲ. ಹೊರಗೆ ಬಂದು ಅತ್ತೆಯನ್ನು ಕೇಳಿದೆ. ಅವರು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು.

"ನಾನೇ ಇಟ್ಟಿದ್ದು" ಎಂದರು, ತಲೆಯೆತ್ತದೆ.

"ಯಾಕೆ ಅತ್ತೆ?"

"ಇನ್ನೇನ್ ಮತ್ತೆ? ನೀನು ಓದಕ್ಕೆ ಕೂತಾಗ ಕರೆಯೋಳು ನಾನೇ ಅಲ್ವೇನೆ ಗಿರ್ಜ? ಹಾಲ್ ಉಕ್ತು ಬಾ, ಕರೆಂಟ್ ಬಂತು ಬಾ, ಗೌಡ್ರಟ್ಟಿ ನೆಂಟ್ರು ಬಂದವ್ರೆ ಬಾ ಅಂತ. ಒಂದ್ ಗಂಟೆಗೆ ಒಂದ್ ಕಾಯಿ ಅಂತ ನೀನೇ ಹೇಳಿದ್ದೆ. ನಿನ್ ಹೊತ್ತು ನಾನ್ ತಗಂಡೆ, ಕಾಯಿ ಇಟ್ಟೆ. ಪುಕ್ಸಟ್ಟೆ ಯಾಕ್ ತಗಳ್ಳಿ?"

ಸಿಟ್ಟು ಮಾಡಿಕೊಳ್ಳೋಣವೆಂದರೆ ಅವರ ನ್ಯಾಯದಲ್ಲಿ ತಪ್ಪು ಸಿಗಲಿಲ್ಲ. ಎಪ್ಪತ್ತೆಂಟು ಸಲ ನನ್ನನ್ನು ಎಬ್ಬಿಸಿದ್ದಾರೆ, ಎಪ್ಪತ್ತೆಂಟು ಸಲವೂ ಚಿಲಕ ತೆಗೆದು ಹೋಗಿ ಒಂದೊಂದು ಕಾಯಿ ಇಟ್ಟು ಬಂದಿದ್ದಾರೆ. ಮೊಣಕಾಲು ನೋವಿನ ಮುದುಕಿ. ನಾನು ಉಗ್ರಾಣಕ್ಕೆ ವಾಪಸು ಹೋಗಿ ರಾಶಿಯ ಮುಂದೆ ಕೂತು ಅತ್ತುಬಿಟ್ಟೆ. ನನ್ನ ಕಾಯಿ ಯಾವುದು, ಅವರದು ಯಾವುದು ಎಂದು ಬೇರೆ ಮಾಡುವಂತಿರಲಿಲ್ಲ. ಪುಸ್ತಕದಲ್ಲಿ ಅರ್ಧ ಹಾಗೇ ಉಳಿದಿತ್ತು. ಫ್ರಾನ್ಸಿನ ಕ್ರಾಂತಿ, ಕೈಗಾರಿಕಾ ಕ್ರಾಂತಿ, ಎರಡು ಮಹಾಯುದ್ಧ. ಇಪ್ಪತ್ತು ದಿನಕ್ಕೆ ಎರಡು ಕ್ರಾಂತಿ, ಎರಡು ಯುದ್ಧ. ಅಷ್ಟನ್ನೂ ಮುಗಿಸಲು ಯುರೋಪಿನವರೇ ಇನ್ನೂರು ವರ್ಷ ತೆಗೆದುಕೊಂಡಿದ್ದರು.

ಅಳು ನಿಂತ ಮೇಲೆ ಯೋಚನೆ ಬಂತು. ಕೋಟು ಹಾಕಿಕೊಂಡವರು ಯಾರೂ ಹೇಳಿಕೊಡದ ಒಂದು ವಿಷಯ ಆ ರಾಶಿಯಲ್ಲಿತ್ತು. ನನ್ನ ಹೊತ್ತು ಎಲ್ಲಿ ಹೋಗುತ್ತದೆ ಎಂದು ನಾನು ವರ್ಷಗಟ್ಟಲೆ ಎಲ್ಲರನ್ನೂ ಬೈದುಕೊಂಡು ಓಡಾಡಿದ್ದೆ. ಈಗ ಅದು ಎಣಿಸಿಟ್ಟ ಹಾಗೆ ಮುಂದೆಯೇ ಬಿದ್ದಿತ್ತು. ಆ ಎಪ್ಪತ್ತೆಂಟರಲ್ಲಿ ಎಷ್ಟು ಸಲ ನಾನು ಬೇಸರದಿಂದ ಎದ್ದೆ, ಎಷ್ಟು ಸಲ ಕರೆದದ್ದೇ ಪುಣ್ಯ ಎಂದು ಎದ್ದೆ? ನಿಜ ಹೇಳಿಬಿಡುತ್ತೇನೆ, ನೀವು ಯಾರಿಗೂ ಹೇಳುವುದಿಲ್ಲ ಎಂಬ ನಂಬಿಕೆಯಿಂದ. ಪಾಠ ಕಠಿಣವಾದಾಗ ಅತ್ತೆ ಯಾಕೆ ಇನ್ನೂ ಕರೆಯಲಿಲ್ಲ ಎಂದು ಕಿವಿಗೊಟ್ಟು ಕೂತದ್ದೂ ಉಂಟು. ಹಾಲು ಉಕ್ಕಿತು ಎಂದರೆ, ಉಕ್ಕಿದ ಹಾಲಿಗಿಂತ ಬೇಗ ನಾನು ಹೊರಗಿರುತ್ತಿದ್ದೆ. ಇನ್ನು ನಾನೇ ಇಟ್ಟ ಎಂಬತ್ತರಲ್ಲಿ ಪುಟದ ಮೇಲೆ ಕಣ್ಣಿಟ್ಟುಕೊಂಡು ಸಂಜೆಗೆ ಏನು ಸಾರು ಎಂದು ಯೋಚಿಸಿದ ಗಂಟೆಗಳೆಷ್ಟೋ. ಅವಕ್ಕೂ ಒಂದೊಂದು ಕಾಯಿ ಬಿದ್ದಿತ್ತು. ಆ ಲೆಕ್ಕದಲ್ಲಿ ಪ್ರಾಮಾಣಿಕವಾಗಿ ಕಾಯಿ ಇಟ್ಟವರು ಅತ್ತೆ ಒಬ್ಬರೇ.

ಕಣ್ಣೊರೆಸಿಕೊಂಡು ಹೊರಗೆ ಬಂದೆ. "ಅತ್ತೆ, ಹೋದ ಗಂಟೆಗೆ ಕಾಯಿ ಇಟ್ಟರೆ ಗಂಟೆ ವಾಪಸು ಬರುವುದಿಲ್ಲ. ಇನ್ನು ಇಪ್ಪತ್ತು ದಿನ ಮಾತ್ರ ಇದೆ. ಪಾಸಾಗದಿದ್ದರೆ ಮತ್ತೆ ಅವಕಾಶವಿಲ್ಲ. ಎರಡರಿಂದ ನಾಲ್ಕರವರೆಗೆ ಏನೇ ಆದರೂ ಕರೆಯಬೇಡಿ. ನೀವು ಕರೆದರೂ ನಾನು ಬರುವುದಿಲ್ಲ" ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಆ ಮನೆಯಲ್ಲಿ ಬರುವುದಿಲ್ಲ ಎಂಬ ಮಾತನ್ನು ನಾನು ಆಡಿದ್ದು ಅದೇ ಮೊದಲು. ನನ್ನ ದನಿ ನಡುಗುತ್ತಿತ್ತು. ಅತ್ತೆ ಹುಣಸೆಹಣ್ಣಿನ ಮೊರವನ್ನು ಕೆಳಗಿಟ್ಟರು.

"ಮೊದ್ಲೇ ಹಿಂಗ್ ಹೇಳ್ಬಾರ್ದಾಗಿತ್ತೇನೆ? ಕಾಯಿ ಇಟ್ರೆ ಸರಿಹೋಯ್ತದೆ ಅಂದ್ಕಂಡಿದ್ದೆ ನಾನು."

ಮಾರನೆಯ ದಿನದಿಂದ ಎರಡು ಗಂಟೆಗೆ ಸರಿಯಾಗಿ, ಅಂದರೆ ಅವರ ಪದ್ಧತಿಯಂತೆ ಒಂದೂವರೆಗೇ, ಅತ್ತೆ ಉಗ್ರಾಣದ ಬಾಗಿಲಲ್ಲಿ ಚಾಪೆ ಹಾಕಿಕೊಂಡು ಕೂತರು. ತ್ರೀ ಫೇಸ್ ಬಂದರೆ ಜಗಲಿಯ ಕಡೆ ತಿರುಗಿ ಮಗನನ್ನು ಕೂಗುತ್ತಿದ್ದರು. ನಮ್ಮವರು ಟವೆಲು ಕೊಡವಿಕೊಂಡು ಏಳುವುದನ್ನು ನಾನು ಮೊದಲ ಸಲ ಆ ದಿನಗಳಲ್ಲಿ ಕೇಳಿಸಿಕೊಂಡೆ. ಹಾಲು ಒಂದು ಸಲ ಉಕ್ಕಿತು. ಉಕ್ಕಿ ತಾನೇ ಸುಮ್ಮನಾಯಿತು. ನಾನು ಎದ್ದು ಹೋಗದಿದ್ದರೂ ಮನೆ ನಿಂತೇ ಇತ್ತು ಎಂಬುದು ಸಮಾಧಾನದ ಸಂಗತಿಯೋ ಅವಮಾನದ ಸಂಗತಿಯೋ ಎಂದು ಯೋಚಿಸಲು ನನಗೆ ಪುರಸೊತ್ತಿರಲಿಲ್ಲ.

ಕಾಯಿ ಇಡುವುದನ್ನು ಬಿಟ್ಟೆ. ಅದರ ಬದಲು ಓದಿದ್ದನ್ನು ದಿನವೂ ನಾಲ್ಕು ಗಂಟೆಗೆ, ಪುಸ್ತಕ ಮುಚ್ಚಿಟ್ಟು, ಅತ್ತೆಗೆ ಹೇಳಬೇಕು ಎಂದು ನಿಯಮ ಮಾಡಿಕೊಂಡೆ. ಹೇಳಲು ಬಂದರೆ ಓದಿದಂತೆ, ಬಾರದಿದ್ದರೆ ಇಲ್ಲ. ಅತ್ತೆಗೆ ಸಾಮಾನ್ಯ ಕಥೆ ಸಾಲದು, ಮೂಲಕ್ಕೇ ಹೋಗಬೇಕು. ಪ್ಯಾರಿಸಿನ ಹೆಂಗಸರು ರೊಟ್ಟಿಯಿಲ್ಲವೆಂದು ಮಳೆಯಲ್ಲಿ ಮೈಲಿಗಟ್ಟಲೆ ನಡೆದು ಅರಮನೆಗೆ ಹೋಗಿ ರಾಜನನ್ನೇ ಊರಿಗೆ ಎಳೆದು ತಂದರು ಎಂದು ಹೇಳಿದೆ. "ಮಕ್ಳನ್ನ ಯಾರ್ ತಾವ ಬುಟ್ಟು ಹೋಗಿದ್ರು?" ಎಂದು ಕೇಳಿದರು. ಪುಸ್ತಕದಲ್ಲಿ ಅದು ಇರಲಿಲ್ಲ. ಕೈಗಾರಿಕಾ ಕ್ರಾಂತಿ ಬಂದಾಗ ಸೈರನ್ನು ಕೂಗಿದ ಕೂಡಲೇ ಜನ ಕಾರ್ಖಾನೆಗೆ ಹೋಗಬೇಕಾಯಿತು, ಅಲ್ಲಿಯವರೆಗೆ ಹೊತ್ತು ಅವರ ಕೈಯಲ್ಲಿತ್ತು, ಆಮೇಲೆ ಗಡಿಯಾರದ ಕೈಗೆ ಹೋಯಿತು ಎಂದೆ. ಅತ್ತೆ, "ಗಂಡಸ್ರ ಹೊತ್ತು ಅವ್ರ ಕೈಯಾಗಿತ್ತು ಅನ್ನು. ಹೆಂಗಸ್ರದು ಯಾವಾಗಿತ್ತು?" ಎಂದರು. ಇಂಥ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೇ ನಾನು ಪಾಠವನ್ನು ಎರಡೆರಡು ಸಲ ಓದಬೇಕಾಗುತ್ತಿತ್ತು. ಹಾಗೆ ಓದಿದ್ದು ಮರೆಯಲಿಲ್ಲ. ಎರಡನೆಯ ಮಹಾಯುದ್ಧ ಮುಗಿದ ದಿನ ಇಬ್ಬರಿಗೂ ಸುಸ್ತಾಗಿತ್ತು.

ಪರೀಕ್ಷೆ ತಿಪಟೂರಿನಲ್ಲಿ, ಮಧ್ಯಾಹ್ನ ಎರಡಕ್ಕೆ. ಅತ್ತೆ ನನ್ನನ್ನು ಬೆಳಗಿನ ಮೊದಲ ಬಸ್ಸಿಗೆ ಹತ್ತಿಸಿದರು. ಎಂಟಕ್ಕೇ ಕಾಲೇಜಿನ ಗೇಟಿನ ಮುಂದಿದ್ದೆ, ಗೇಟು ತೆಗೆದಿರಲಿಲ್ಲ. ಕಡೆಗೆ ಪರೀಕ್ಷೆಯ ಕೊಠಡಿಗೆ ಬಿಟ್ಟಾಗ ಒಳಗಿದ್ದ, ಬೇರೆ ಪರೀಕ್ಷೆ ಬರೆಯಲು ಬಂದ ಹುಡುಗ ಹುಡುಗಿಯರು ನನ್ನನ್ನು ಕಂಡು ಎದ್ದು ನಿಂತರು. ಮೇಲ್ವಿಚಾರಣೆಗೆ ಬಂದ ಮೇಡಂ ಎಂದುಕೊಂಡಿದ್ದರು. ನಾನು ಕೂತ ಮೇಲೂ ಪಕ್ಕದ ಹುಡುಗಿ ಅನುಮಾನದಿಂದ ತನ್ನ ಹಾಲ್ ಟಿಕೆಟ್ಟನ್ನು ಪರಿಶೀಲನೆಗೆಂದು ನನ್ನ ಕಡೆ ಚಾಚಿದಳು. ನಕ್ಕು ನನ್ನದನ್ನೂ ತೋರಿಸಿದೆ. ಆಮೇಲೆ ಪ್ರಶ್ನೆಪತ್ರಿಕೆ ಬಂತು. ಓದಿದೆ. ಬರೆಯಲು ಶುರುಮಾಡಿದೆ. ಅರ್ಧ ಗಂಟೆ ಕಳೆದ ಮೇಲೆ ಏನೋ ಒಂದು ವಿಚಿತ್ರ ಅನ್ನಿಸತೊಡಗಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಯಾರೂ ನನ್ನನ್ನು ಕರೆಯುತ್ತಿರಲಿಲ್ಲ. ಮೂರು ಗಂಟೆಗಳ ಕಾಲ ಯಾರೂ ಕರೆಯುವಂತೆಯೇ ಇರಲಿಲ್ಲ. ಮದುವೆಯಾದ ಮೇಲೆ ನನಗೆ ಇಡೀ ಮೂರು ಗಂಟೆ ಸಿಕ್ಕಿದ್ದು ಅದೇ ಮೊದಲು, ಅದೂ ಸರ್ಕಾರದ ರಕ್ಷಣೆಯಲ್ಲಿ. ಅಷ್ಟು ಸಂತೋಷದಿಂದ ನಾನು ಏನನ್ನೂ ಬರೆದದ್ದಿಲ್ಲ. ಹೆಚ್ಚುವರಿ ಹಾಳೆ ಎರಡು ಸಲ ಕೇಳಿದೆ.

ನಲವತ್ತೇಳು ಅಂಕ ಬಂತು. ಮೂವತ್ತೈದು ಬಂದರೆ ಸಾಕಿತ್ತು. ಫಲಿತಾಂಶವನ್ನು ಮೊಬೈಲಿನಲ್ಲಿ ನೋಡಿದ ನಮ್ಮವರು, ಫೇಲಾದರೆ ಯಾರಿಗೂ ಹೇಳಬೇಡ ಎಂದಿದ್ದವರು, ಸಂಜೆಯೊಳಗೆ ದಂಡಿನಶಿವರದ ಅರ್ಧ ಜನಕ್ಕೆ ಹೇಳಿ ಬಂದರು. ಮಗಳು ಫೋನಿನಲ್ಲಿ ಕಿರುಚಿದಳು. ಅತ್ತೆ ಉಗ್ರಾಣದ ರಾಶಿಯಲ್ಲಿ ಬಿರುಕು ಬಿಟ್ಟದ್ದನ್ನೆಲ್ಲ ಆರಿಸಿ ಒಡೆಸಿ ಕಾಯಿಹೋಳಿಗೆ ಮಾಡಿಸಿದರು. ಯಾರ ಗಂಟೆ ಯಾರ ಹೋಳಿಗೆಗೆ ಹೋಯಿತೋ ಗೊತ್ತಿಲ್ಲ, ರುಚಿಯಾಗಿತ್ತು.

ಕಥೆ ಇಲ್ಲಿಗೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ. ಆದರೆ ಗುರಿ ಮುಟ್ಟಿದವರಿಗೆ ಒಂದು ಅಪಾಯವಿದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಗುರಿ ತಲುಪಿದ ಮಾರನೆಯ ದಿನ ಅದಕ್ಕೆಂದು ಎತ್ತಿಟ್ಟಿದ್ದ ಹೊತ್ತು ವಾರಸುದಾರರಿಲ್ಲದ ಆಸ್ತಿಯಾಗಿಬಿಡುತ್ತದೆ. ಮೂರೇ ದಿನದಲ್ಲಿ ನನ್ನ ಎರಡರಿಂದ ನಾಲ್ಕಕ್ಕೆ ಮೂವರು ಹಕ್ಕುದಾರರು ಹುಟ್ಟಿಕೊಂಡರು. "ಇನ್ ಮಧ್ಯಾಹ್ನ ಫ್ರೀ ತಾನೇ, ಮೋಟ್ರು ನೀನೇ ನೋಡ್ಕೊ" ಎಂದು ನಮ್ಮವರು. ಸಂಘದ ಪುಸ್ತಕ ಬರೆಯಲು ಬಿ.ಎ. ಮಾಡಿದವರೇ ಬೇಕು ಎಂದು ಊರಿನ ಸ್ತ್ರೀಶಕ್ತಿ ಸಂಘದವರು. ಇಬ್ಬರೂ ಕೂತು ಹಪ್ಪಳ ಒತ್ತೋಣ ಎಂದು, ನಾಲ್ಕು ದಿನ ಇರಲು ಬಂದಿಳಿದ ಸಂಪಿಗೆ ಚಿಕ್ಕಮ್ಮ. ಎಲ್ಲರೂ ಪ್ರೀತಿಯಿಂದಲೇ ಕೇಳಿದರು, ಅದೇ ಕಷ್ಟ. ಆಗ ನನಗೆ ಸ್ಪಷ್ಟವಾಯಿತು. ಇಪ್ಪತ್ತು ದಿನ ಜಗಳಾಡಿ ನಾನು ಗಳಿಸಿದ್ದು ನಲವತ್ತೇಳು ಅಂಕವಲ್ಲ. ಅಂಕಪಟ್ಟಿ ಪೆಟ್ಟಿಗೆಯಲ್ಲಿರುತ್ತದೆ, ಇನ್ನು ಅದನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಕಸಿದುಕೊಳ್ಳಬಹುದಾದದ್ದು ಆ ಎರಡು ಗಂಟೆ. ಅದನ್ನು ಮಾತ್ರ ಬಿಟ್ಟುಕೊಡಬಾರದು ಎಂದು ಗಟ್ಟಿ ಮನಸ್ಸು ಮಾಡಿದೆ. ಮೂವರಿಗೂ ಆಗುವುದಿಲ್ಲ ಎಂದೆ. ಎರಡನೆಯ ಸಲ ಹೇಳುವಾಗ ಆ ಮಾತು ಅಷ್ಟೇನೂ ನಡುಗುವುದಿಲ್ಲ.

"ಮತ್ತೆ ಆ ಹೊತ್ನಲ್ಲಿ ಏನ್ ಮಾಡ್ತೀಯ?" ಎಂದರು ನಮ್ಮವರು.

"ಗೊತ್ತಿಲ್ಲ" ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ಮಾರನೆಯ ದಿನ ಎರಡು ಗಂಟೆಗೆ ಉಗ್ರಾಣಕ್ಕೆ ಹೋಗಿ ಕೂತೆ. ಪುಸ್ತಕವಿರಲಿಲ್ಲ. ಸುತ್ತೋಲೆ ಕಳಿಸಿದ ಗೆಳತಿಯಿಂದಲೇ ತರಿಸಿಕೊಂಡಿದ್ದ ಇತಿಹಾಸದ ಪುಸ್ತಕವನ್ನು ವಾಪಸು ಕಳಿಸಿಯಾಗಿತ್ತು, ಹೊಸದು ಯಾವುದನ್ನು ತರಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಸುಮ್ಮನೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ನಾಚಿಕೆಯಾಗತೊಡಗಿತು. ಓದಿಲ್ಲ, ಬರಹವಿಲ್ಲ, ಹೀಗೆ ಕೂರುವುದಕ್ಕೆ ಇಷ್ಟು ಹಟವೇ ಎಂದುಕೊಂಡು ಇನ್ನೇನು ಏಳಬೇಕು, ಆಗ ಅಂಗಳದಲ್ಲಿ ಸಂಪಿಗೆ ಚಿಕ್ಕಮ್ಮನ ದನಿ ಕೇಳಿಸಿತು. ಅತ್ತೆ ಬಾಗಿಲಲ್ಲಿ ಚಾಪೆಯ ಮೇಲಿದ್ದರು. ಬಾಗಿಲು ಅರೆ ತೆರೆದಿತ್ತು. ಬರಿಗೈಯಲ್ಲಿ ಕೂತ ನಾನು ಅವರಿಗೆ ಚೆನ್ನಾಗಿ ಕಾಣುತ್ತಿದ್ದೆ.

"ಅಕ್ಕಾ, ಗಿರ್ಜ ಎಲ್ಲವ್ಳೆ? ಕರಿ, ಹಪ್ಳದ್ ಹಿಟ್ ತಂದಿವ್ನಿ."

"ಓದ್ತಾವ್ಳೆ ಕಣೇ. ನಾಕ್ ಗಂಟೆಗೆ ಬತ್ತಾಳೆ, ಕೂತ್ಕ."

"ಪಾಸಾಯ್ತಲ್ಲ? ಇನ್ನೂ ಏನ್ ಓದದು?"

"ನಂಗೇನ್ ಗೊತ್ತು? ದೊಡ್ಡ್ ದೊಡ್ಡ್ ಇಸ್ಯ" ಎಂದು ಅತ್ತೆ ನನ್ನ ಕಡೆ ಒಮ್ಮೆ ತಿರುಗಿ ನೋಡಿ, ಕೈ ಚಾಚಿ ಬಾಗಿಲನ್ನು ಮುಂದಕ್ಕೆಳೆದುಕೊಂಡರು.

ಏಳಲು ಹೊರಟಿದ್ದವಳು ಮತ್ತೆ ಕೂತೆ. ಇಷ್ಟು ವರ್ಷ ಸುಳ್ಳಾಡದ ಹೆಂಗಸು ನನಗಾಗಿ ಆಡಿದ ಮಾತು ಸುಳ್ಳಾಗಬಾರದು. ಸುತ್ತ ನೋಡಿದೆ. ಎದುರಿಗೆ ಎಮ್ಮೆಗೆಂದು ತಂದಿಟ್ಟ ಹಿಂಡಿಯ ಚೀಲವಿತ್ತು. ಅದರ ಮೇಲೆ ಅಚ್ಚಾಗಿದ್ದ ಅಕ್ಷರಗಳನ್ನೇ, ತಂಪಾದ ಒಣ ಜಾಗದಲ್ಲಿ ಇಡಿ ಎಂಬಲ್ಲಿಂದ ಶುರುಮಾಡಿ, ಹೊರಗೆ ಕೂತ ಇಬ್ಬರಿಗೂ ಕೇಳಿಸುವಂತೆ ಗಟ್ಟಿಯಾಗಿ ಓದತೊಡಗಿದೆ.